ಚೀಲದೊಳಗಿನ ಎರಡನೆಯ ಹಾವು

ಆ ದಿನ ಏನೇನು ನಡೆಯಿತೆಂದು ನಾನು ಖಚಿತವಾಗಿ ಹೇಳಲಾರೆ. ನಿವೃತ್ತನಾಗುವವರೆಗೆ ಖಚಿತವಾಗಿಯೇ ಹೇಳುತ್ತಿದ್ದೆ. ಪ್ರತಿ ವರ್ಷ ಪ್ರಾಣಿಶಾಸ್ತ್ರದ ಹೊಸ ವಿದ್ಯಾರ್ಥಿಗಳನ್ನು ಬಯಲಿಗೆ ಕರೆದೊಯ್ಯುವ ಮುನ್ನ ಶಂಕ್ರಪ್ಪನಿಗೆ ಹಾವು ಕಚ್ಚಿದ ಸಂಗತಿಯನ್ನು ಅವರ ಮುಂದೆ ಹೇಳುವುದು ನನ್ನ ರೂಢಿಯಾಗಿತ್ತು. ಹೇಳಿ ಹೇಳಿ ಅದು ನುಣುಪಾಗಿತ್ತು. ಎಲ್ಲಿ ತಡೆದರೆ ಹುಡುಗರು ಉಸಿರು ಬಿಗಿಹಿಡಿಯುತ್ತಾರೆ ಎಂಬುದೂ ನನಗೆ ತಿಳಿದಿತ್ತು. ಅಷ್ಟು ನುಣುಪಾದ ನೆನಪನ್ನು ನಂಬಬಾರದೆಂದು ಈಗ ಅನಿಸುತ್ತದೆ. ಬರೆಯಲು ಕುಳಿತರೆ ಯಾರು ಮೊದಲು ಮಾತಾಡಿದರು, ಎಷ್ಟು ಹೊತ್ತು ಕಳೆಯಿತು, ನಾನು ಎಲ್ಲಿ ನಿಂತಿದ್ದೆ, ಒಂದೊಂದೂ ಅಲುಗಾಡುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ. ಗೊತ್ತಿದ್ದುದನ್ನು ಗೊತ್ತು ಎಂದೂ ಇಲ್ಲದ್ದನ್ನು ಇಲ್ಲ ಎಂದೂ ಹೇಳಲು ಪ್ರಯತ್ನಿಸುತ್ತೇನೆ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಓದಿದ್ದು ಧಾರವಾಡದಲ್ಲಿ. ಜಮಖಂಡಿ, ಮುಧೋಳ ಎಂದರೆ ಹೊರಗಿನವರಿಗೆ ಕಬ್ಬು ಕಣ್ಣ ಮುಂದೆ ಬರುತ್ತದೆ. ಆದರೆ ಕಾಲುವೆಯ ನೀರು ಹತ್ತದ ಕಡೆ, ಮುಖ್ಯವಾಗಿ ಬೀಳಗಿಯ ಗುಡ್ಡದ ಸೆರಗಿನಲ್ಲಿ, ಈಗಲೂ ಕಲ್ಲು, ಜಾಲಿ, ಮೊಳಕಾಲೆತ್ತರದ ಒಣ ಹುಲ್ಲು ಇದೆ. ಅಲ್ಲಿ ಚಿಂಕಾರ ಹುಲ್ಲೆಗಳಿವೆ. ಉಡ ಇದೆ. ಗಂಟಲ ಕೆಳಗೆ ನೀಲಿ ಬೀಸಣಿಗೆ ಬಿಚ್ಚಿ ಹೆಣ್ಣನ್ನು ಕರೆಯುವ ಓತಿಕ್ಯಾತ ಇದೆ. ಅವನ್ನೆಲ್ಲ ಹುಡುಕಿ, ಗುರುತಿಸಿ, ಎಲ್ಲಿ ಏನಿದೆ ಎಂದು ಪಟ್ಟಿ ಮಾಡುವುದು ಪಾಠದ ಜೊತೆಗೆ ನಾನು ಮೈಮೇಲೆ ಹಾಕಿಕೊಂಡ ಕೆಲಸ. ಬಡ್ತಿಗೆ ಅದರಿಂದ ಏನೂ ಆಗಲಿಲ್ಲ.

ಒಣ ಸೀಮೆಯಲ್ಲಿ ಹಾವು ಹುಡುಕುವುದೆಂದರೆ ಕಲ್ಲು ಎತ್ತುವುದು. ಕಲ್ಲಿನ ಆಚೆಯ ಅಂಚನ್ನು ಹಿಡಿದು ನಮ್ಮ ಕಡೆಗೆ ಎತ್ತಬೇಕು. ಆಗ ಕಲ್ಲು ನಮ್ಮ ಕಾಲಿಗೆ ಗುರಾಣಿಯಾಗುತ್ತದೆ, ಒಳಗಿದ್ದದ್ದು ಆಚೆ ಹೋಗುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಒಂದು ಚಪ್ಪಡಿಯನ್ನು ಮಗುಚಿ ಹಾಗೇ ಬಿಟ್ಟು ಬಂದಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು, ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದವರು, ಆಗ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಅದೇ ಗುಡ್ಡಕ್ಕೆ ಕರೆದೊಯ್ದು ಆ ಕಲ್ಲಿನ ಮುಂದೆ ನಿಲ್ಲಿಸಿದರು.

"ನಿನ್ನ ಮನಿ ಚಾವಣಿ ತಗದು ಬಾಜೂಕ ಇಟ್ಟು ಹ್ವಾದ್ರ ನೀ ಏನಂತಿ?"

ನಾನು ಕಲ್ಲನ್ನು ಸರಿಯಾಗಿ ಇಟ್ಟೆ. ಅವರು ಬಾಗಿ ನೋಡಿ, ಇನ್ನಷ್ಟು ಎಡಕ್ಕೆ ಎಂದರು. ಮತ್ತೆ ಇಟ್ಟೆ. ಅಂದಿನಿಂದ ಎಷ್ಟೋ ಸಾವಿರ ಕಲ್ಲು ಎತ್ತಿರಬಹುದು. ತಪ್ಪಾಗಿ ಇಟ್ಟದ್ದು ನೆನಪಿಲ್ಲ. ನೆನಪಿಲ್ಲ ಎಂದಷ್ಟೇ ಹೇಳಬಲ್ಲೆ.

ದೊಡ್ಡ ಸರ್ ಕಾಲದಲ್ಲಿ ಸಿಕ್ಕ ಹಾವನ್ನು ಕೊಂದು ಫಾರ್ಮಲಿನ್ ಬಾಟಲಿಯಲ್ಲಿ ಮುಳುಗಿಸುವುದೇ ದಾಖಲೆ. ನನ್ನ ಕಾಲದ ನಡುಭಾಗದಲ್ಲಿ ಅದು ನಿಂತಿತು. ಅರಣ್ಯ ಇಲಾಖೆಯ ಅನುಮತಿ ಪಡೆದು ಹಿಡಿಯುವುದು, ಬಟ್ಟೆಯ ಚೀಲದಲ್ಲಿ ಹಾಕಿಕೊಳ್ಳುವುದು, ಅಳತೆ ಮಾಡಿ ಫೋಟೋ ತೆಗೆದು ಹಿಡಿದ ಕಲ್ಲಿನ ಕೆಳಗೇ ಬಿಡುವುದು ಎಂದಾಯಿತು. ಈಗ ಅದೂ ಬೇಡವಂತೆ, ಮುಟ್ಟದೆ ಫೋಟೋ ತೆಗೆದರೆ ಸಾಕಂತೆ. ಅದೇ ಸರಿ ಎಂದು ನಾನೂ ಒಪ್ಪುತ್ತೇನೆ. ಒಪ್ಪಲು ನನಗೆ ಕಾರಣವಿದೆ.

ಇನ್ನೊಂದು ಮಾತು. ಹಾವಿನ ಸುದ್ದಿ ತರುವವರನ್ನು ನಾನು ನಂಬುತ್ತಿರಲಿಲ್ಲ. ರನ್ನ ಬೆಳಗಲಿಯಿಂದ ಒಮ್ಮೆ ಫೋನ್ ಬಂತು: ಕಬ್ಬಿನಲ್ಲಿ ಹೆಬ್ಬಾವು ಹೊಕ್ಕಿದೆ, ಬಾಲ ಮಾತ್ರ ಕಾಣುತ್ತಿದೆ, ಅದೂ ಹರಿಯುತ್ತಿದೆ. ಹೋಗಿ ನೋಡಿದರೆ ಹನಿ ನೀರಾವರಿಯ ಕಪ್ಪು ಪೈಪು. ಹೊಲದ ಆಚೆ ತುದಿಯಲ್ಲಿ ಒಬ್ಬ ಅದನ್ನು ಸುತ್ತಿಕೊಳ್ಳುತ್ತಿದ್ದ, ಈಚೆ ತುದಿಯಲ್ಲಿ ಅರ್ಧ ಊರು ಕೋಲು ಹಿಡಿದು ನಿಂತಿತ್ತು. ಇಂಥವು ಬಹಳ ಆದವು. ಪ್ರತಿ ಸಲ ನಾನೇ ಸರಿ ಎಂದಾದಾಗ ಒಂದು ಬಗೆಯ ಕಾಯಿಲೆ ಹತ್ತುತ್ತದೆ. ಮುಧೋಳ ಭಾಗದ ಹಳ್ಳಿಯವರು ಕಲ್ಲಹಾವು ಎಂದು ಒಂದು ಹಾವಿನ ಬಗ್ಗೆ ಹೇಳುತ್ತಿದ್ದರು. ಗೇಣುದ್ದ, ಮಣ್ಣಿನ ಬಣ್ಣ, ಕಚ್ಚಿದರೆ ಒಸಡಿನಿಂದ ರಕ್ತ ಬರುತ್ತದೆ. ಪುಸ್ತಕದಲ್ಲಿ ಅದು ಗರಗಸ ಮಂಡಲ. ಆ ಕಡೆ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಜನ ತೋರಿಸಿದ್ದೆಲ್ಲ ಬೆಕ್ಕುಗಣ್ಣಿನ ಹಾವು. ಅದೂ ಸಣ್ಣದು, ಕಂದು, ಬೆನ್ನ ಮೇಲೆ ಅಂಥದೇ ಅಂಕುಡೊಂಕು ಗೆರೆ, ಅಂಥದೇ ಸೀಳುಗಣ್ಣು. ಆದರೆ ಮನುಷ್ಯನಿಗೆ ಅದರಿಂದ ಅಪಾಯವಿಲ್ಲ. ಮುಧೋಳದ ಕಲ್ಲಹಾವೆಂದರೆ ಬೆಕ್ಕುಗಣ್ಣಿನ ಹಾವೇ ಎಂದು ನಾನು ಒಂದು ಲೇಖನದಲ್ಲಿ ಬರೆದೂ ಬಿಟ್ಟಿದ್ದೆ.

ಶಂಕ್ರಪ್ಪ ನಮ್ಮ ಪ್ರಯೋಗಾಲಯದ ಅಟೆಂಡರ್. ಬನಹಟ್ಟಿಯ ನೇಕಾರರ ಮನೆಯವನು. ನನ್ನಷ್ಟೇ ವಯಸ್ಸು. ಮನೆಯಲ್ಲಿ ಅಣ್ಣ ತಮ್ಮಂದಿರು ಮಗ್ಗ ನಡೆಸುತ್ತಿದ್ದರು, ಇವನೊಬ್ಬ ಸಂಬಳದ ಕೆಲಸಕ್ಕೆ ಬಂದಿದ್ದ. ಬಯಲಿನಲ್ಲಿ ಅವನ ಕಣ್ಣಿಗೆ ಬಿದ್ದ ಹಾವುಗಳಲ್ಲಿ ಅರ್ಧದಷ್ಟೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೇಗೆ ಕಾಣುತ್ತದೆ ಎಂದು ಕೇಳಿದರೆ, "ನಾ ಹಾವ ಹುಡಕಂಗಿಲ್ರಿ ಸರ. ನೆಲದಾಗ ಎಳಿ ಎಲ್ಲಿ ತಪ್ಪೈತಿ ಅಂತ ನೋಡ್ತೀನಿ" ಎನ್ನುತ್ತಿದ್ದ. ಸೀರೆಯಲ್ಲಿ ನೇಯ್ಗೆಯ ದೋಷ ಹುಡುಕಿದ ಕಣ್ಣು ಅದು.

ಚೀಲಗಳನ್ನು ಹೊಲಿಯುವವನೂ ಅವನೇ. ಒತ್ತಾಗಿ ನೇಯ್ದ ದಪ್ಪ ಬಟ್ಟೆ ತರುತ್ತಿದ್ದ. ಆ ವರ್ಷ ನಾನು ಬೇಡವೆಂದೆ. ಬಿಸಿಲಿನಲ್ಲಿ ದಪ್ಪ ಚೀಲದೊಳಗೆ ಹಾವು ಬಳಲುತ್ತದೆ, ತೆಳು ಬಟ್ಟೆ ಇರಲಿ ಎಂದು ಎಲ್ಲೋ ಓದಿದ್ದೆ. ಅವನು ಆ ತೆಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಬಾಳ ಸಡ್ಲ ಐತ್ರಿ ಸರ, ಹಲ್ಲ ಪಾರ ಆಗತಾವ" ಎಂದ. ಚೀಲವನ್ನು ಕೋಲಿನ ತುದಿಗೆ ಕಟ್ಟಿ ಒಯ್ಯುತ್ತೇವೆ, ಮೈಗೆ ತಾಗುವುದೆಲ್ಲಿ ಎಂದೆ. ಈ ಮಾತುಕತೆ ನಡೆದದ್ದು ನಿಜ. ಪ್ರಯೋಗಾಲಯದ ಕಿಟಕಿ, ಅವನ ಎರಡು ಬೆರಳ ನಡುವಿನ ಬಟ್ಟೆ, ಎಲ್ಲವೂ ಸ್ಪಷ್ಟವಾಗಿದೆ. ಸ್ಪಷ್ಟವಾಗಿದ್ದ ಮಾತ್ರಕ್ಕೆ ಅದು ಸಾಕ್ಷಿಯಾಗದು ಎಂಬುದೂ ಗೊತ್ತು.

ಮೂರು ದಿನದ ಪ್ರವಾಸ ಅದು. ಮೊದಲ ದಿನ ಬೀಳಗಿಯ ಕಡೆ, ಎರಡನೆಯ ದಿನ ಬೀಳಗಿ ಮತ್ತು ಮುಧೋಳದ ನಡುವಿನ ಕುರುಚಲು, ಮೂರನೆಯ ದಿನ ಮುಧೋಳದ ಸಮೀಪದ ಕಲ್ಲುಭೂಮಿ. ಜೀಪು ನಾನೇ ಓಡಿಸುತ್ತಿದ್ದೆ. ನಾವಿಬ್ಬರೇ. ಎರಡು ದಿನ ಚೆನ್ನಾಗಿಯೇ ಕಳೆದವು. ಐದು ಚಿಂಕಾರಗಳ ಗುಂಪು ನಮ್ಮನ್ನು ನೋಡಿ, ಓಡಿ, ತುಸು ದೂರದಲ್ಲಿ ನಿಂತು ಮತ್ತೆ ತಿರುಗಿ ನೋಡಿತು. ಒಂದು ಮಣ್ಣುಮುಕ್ಕ ಹಾವು ಸಿಕ್ಕಿತು. ಸಿಕ್ಕಿದ್ದನ್ನೆಲ್ಲ ಅಳೆದು ಬಿಟ್ಟೆವು. ಆದರೂ ಸಿಕ್ಕ ಹಾವು ಸಾಲದೆಂದು ನನಗೆ ಸಮಾಧಾನವಿರಲಿಲ್ಲ. ಚೀಲಗಳಲ್ಲಿ ಕೆಲವು ಹರಿದಿದ್ದವು. ಮೂರನೆಯ ದಿನಕ್ಕೆ ಉಳಿದದ್ದು ಎಷ್ಟೆಂದು ನಾನು ಎಣಿಸಿರಲಿಲ್ಲ.

ಆ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಹೊಲದ ಒಡ್ಡಿಗೆ ಹತ್ತಿದ ಕಲ್ಲುರಾಶಿಯಲ್ಲಿ ಒಂದು ಚಪ್ಪಡಿ ಎತ್ತಿದೆವು. ಕೆಳಗೆ ಎರಡು ಹಾವು ಇದ್ದವು. ಒಂದನ್ನು ನಾನು ಹಿಡಿದು, ತಲೆಯ ಹುರುಪೆ ನೋಡಿ, ಬೆಕ್ಕುಗಣ್ಣಿನದು ಎಂದು ಹೇಳಿ ಚೀಲಕ್ಕೆ ಹಾಕಿದೆ. ಇನ್ನೊಂದು ಕೊಕ್ಕೆಕೋಲಿನ ಮೇಲೆ ಬಂತು. ಒಂದು ಚೀಲಕ್ಕೆ ಒಂದೇ ಹಾವು ಎಂಬುದು ನಾನೇ ಕಲಿಸುತ್ತಿದ್ದ ನಿಯಮ. ಖಾಲಿ ಚೀಲ ಕೈಗೆ ಹತ್ತಿರ ಇರಲಿಲ್ಲ. ಎರಡೂ ಒಂದೇ ಜಾತಿ, ಒಂದೇ ಕಲ್ಲಿನ ಕೆಳಗಿನವು ಎಂದುಕೊಂಡು ಅದನ್ನೂ ಅದೇ ಚೀಲಕ್ಕೆ ಹಾಕಿದೆವು. ಹಾಕಿದೆವು ಎಂದು ಬರೆಯುತ್ತಿದ್ದೇನೆ, ಏಕೆಂದರೆ ಕೊಕ್ಕೆಕೋಲು ಯಾರ ಕೈಯಲ್ಲಿತ್ತು ಎಂಬುದು ನನಗೆ ನಿಜವಾಗಿಯೂ ತಿಳಿಯದು. ತರಗತಿಯಲ್ಲಿ ಹೇಳುವಾಗ ಶಂಕ್ರಪ್ಪನ ಕೈಯಲ್ಲಿತ್ತು ಎನ್ನುತ್ತಿದ್ದೆ.

ಅವನು ಏನೋ ಹೇಳಿದ. "ಇದರ ನಡಿಗಿ ಬ್ಯಾರೆ ಐತ್ರಿ ಸರ" ಎಂದನೆಂದು ನನ್ನ ನೆನಪು. ಗರಗಸ ಮಂಡಲ ಅಡ್ಡಡ್ಡವಾಗಿ ಹರಿಯುತ್ತದೆ. ಅದಕ್ಕೆ ನಾನು, ನಿನ್ನ ನಡಿಗೆಯೂ ಬೇರೆ, ಹಾಗೆಂದು ನೀನೇನು ಬೇರೆ ಜಾತಿಯ ಪ್ರಾಣಿಯೇ ಎಂದು ಚೇಷ್ಟೆ ಮಾಡಿದೆ. ಈ ಚೇಷ್ಟೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ಸೇರಿಸಿಕೊಂಡಿದ್ದರೆ ನನ್ನನ್ನೇ ಹೀಗೆ ಕೆಟ್ಟದಾಗಿ ತೋರಿಸುವಂಥದನ್ನು ಏಕೆ ಸೇರಿಸಿಕೊಂಡೆ?

ಚೀಲದ ಬಾಯಿ ಬಿಗಿದು ಅವನು ಕೋಲಿಗೆ ಸಿಕ್ಕಿಸಿಕೊಂಡ. ನಡೆಯುತ್ತ, "ಚೀಲದಾಗ ಸಪ್ಪಳ ಬರಾಕತ್ತೈತ್ರಿ, ಒಗ್ಗರಣಿ ಚರ್ ಅಂದಂಗ" ಎಂದ. ಹುಲ್ಲಿನ ಸದ್ದು ಎಂದೆ. ಇದು ಮಾತ್ರ ನಡೆದದ್ದು ಖರೆ. ಮೈಯ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಆ ಸದ್ದು ಮಾಡುವ ಹಾವಿನ ಬಗ್ಗೆ ಅದೇ ತಿಂಗಳು ಪಾಠ ಮಾಡಿದ್ದೆ.

ಜಾಲಿ ಮುಳ್ಳಿನ ಬೇಲಿ ದಾಟುವಾಗ ಎರಡೂ ಕೈ ಬೇಕಾಯಿತು. ಅವನು ಚೀಲವನ್ನು ಕೋಲಿನಿಂದ ಬಿಡಿಸಿ ಮೊಣಕೈಗೆ ಸಿಕ್ಕಿಸಿಕೊಂಡ. ಬೇಲಿಯ ನಡುವೆ ನಿಂತು, "ಮುಳ್ಳ ಚುಚ್ಚಿತು" ಎಂದ. ಆಮೇಲೆ, ಸಣ್ಣ ದನಿಯಲ್ಲಿ, "ಮುಳ್ಳ ಅಲ್ರಿ" ಎಂದ. ಮುಂಗೈಯ ಮೇಲೆ ರಕ್ತದ ಎರಡು ಹನಿ.

ಚೀಲದ ಬಾಯಿ ತುಸು ಸಡಿಲಿಸಿ ಇಣುಕಿದೆ. ಮೇಲೇ ಇತ್ತು ಬೆಕ್ಕುಗಣ್ಣಿನ ಹಾವಿನ ತಲೆ, ದೊಡ್ಡ ಕಣ್ಣು, ತೆಳ್ಳನೆಯ ಕುತ್ತಿಗೆ. ಎರಡನೆಯದು ಕೆಳಗೆ ಮೂಲೆಯಲ್ಲಿ ಸುತ್ತಿಕೊಂಡಿತ್ತು. ಅದನ್ನು ನೋಡಲಿಲ್ಲ. ನೋಡುವ ಅಗತ್ಯ ಕಾಣಲಿಲ್ಲ. ಅವನ ಮುಖ ಬಿಳಿಚಿತ್ತು; ನಾನು ಹೆಗಲು ತಟ್ಟಿ ಏನೂ ಆಗುವುದಿಲ್ಲ, ತೊಳೆದುಕೋ ಎಂದೆ. ಅವನು ನನ್ನ ಮಾತನ್ನು ನಂಬಿದ. ಇಪ್ಪತ್ತು ವರ್ಷ ಜೊತೆಗೆ ತಿರುಗಿದವನು ನಂಬದೆ ಏನು ಮಾಡಿಯಾನು? ಹಾವುಗಳನ್ನು ಜೀಪಿನಲ್ಲಿಟ್ಟು, ಆಮೇಲೆ ಅಳೆದರಾಯಿತೆಂದು ನಾವು ಮತ್ತೆ ಕಲ್ಲು ಎತ್ತತೊಡಗಿದೆವು. ಎರಡು ಕಲ್ಲೋ ಐದೋ ನನಗೆ ತಿಳಿಯದು. ಎಷ್ಟೇ ಆದರೂ ಒಂದು ಕಲ್ಲೂ ಹೆಚ್ಚೇ.

ಬಿಸಿಲು ನೆತ್ತಿಗೆ ಬರುವ ಮೊದಲೇ ಬುತ್ತಿ ಬಿಚ್ಚಿದೆವು. ಅವನ ಹೆಂಡತಿ ಗೌರವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಅವನು ಒಂದು ತುತ್ತು ತಿಂದು ನೀರು ಮುಕ್ಕಳಿಸಿ ಉಗುಳಿದ. ಕಲ್ಲಿನ ಮೇಲೆ ಬಿದ್ದ ನೀರು ಕೆಂಪಗಿತ್ತು.

"ಚಟ್ನಿ ಬಾಳ ಖಾರ ಮಾಡ್ಯಾಳ್ರಿ ಈಕಿ" ಎಂದು ನಕ್ಕ. ಮತ್ತೆ ಮುಕ್ಕಳಿಸಿದ. ಮತ್ತೆ ಕೆಂಪು. ಹಲ್ಲಿನ ಸಂದಿಯೆಲ್ಲ ಕೆಂಪಾಗಿತ್ತು. ಮುಂಗೈಯ ಹನಿಗಳು ಇನ್ನೂ ಒಸರುತ್ತಿದ್ದವು, ಮೊಣಕೈವರೆಗೆ ಬಾತಿತ್ತು. ನಾನು ಬುತ್ತಿ ಅಲ್ಲೇ ಬಿಟ್ಟು ಎದ್ದೆ. ಆದರೂ, ಬರೆಯಲು ನಾಚಿಕೆಯಾಗುತ್ತದೆ, ಜೀಪಿನ ಕಡೆ ಓಡುವಾಗ ಕೂಡ ನನ್ನ ತಲೆ ಬೇರೆ ಕಾರಣ ಹುಡುಕುತ್ತಿತ್ತು. ಒಸಡಿನ ರೋಗ ಇರಬಹುದು. ಮುಳ್ಳಿನ ನಂಜು ಇರಬಹುದು.

ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಎರಡೆರಡು ಟ್ರೇಲರು ಎಳೆದುಕೊಂಡು ಸಾಲಾಗಿ ಕಾರ್ಖಾನೆಯ ಕಡೆ ಹೊರಟಿದ್ದವು. ದಾಟಲು ಜಾಗವಿಲ್ಲ. ಹಾರ್ನ್ ಹೊಡೆದರೆ ಟ್ರ್ಯಾಕ್ಟರಿನ ಹಾಡಿನಲ್ಲಿ ಯಾರಿಗೂ ಕೇಳುವುದಿಲ್ಲ. ಶಂಕ್ರಪ್ಪ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ:

"ಸರ, ಅದು ಬೆಕ್ಕಹಾವ ಅಲ್ರೀ?"

"ಹೌದು" ಎಂದೆ.

"ಹಂಗಾದ್ರ ಆತ ಬಿಡ್ರಿ."

ನನ್ನನ್ನು ಸಮಾಧಾನ ಮಾಡುವವನಂತೆ ಹೇಳಿದ.

ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದವರು ಒಬ್ಬ ಎಳೆಯ ವೈದ್ಯೆ. ನನ್ನ ಮಗಳ ವಯಸ್ಸು. ನಾನು ನನ್ನ ಹೆಸರು, ಹುದ್ದೆ, ಅನುಭವ ಎಲ್ಲ ಹೇಳಿ, ಕಚ್ಚಿದ್ದು ಬೆಕ್ಕುಗಣ್ಣಿನ ಹಾವು, ಅದಕ್ಕೆ ವಿಷನಿವಾರಕ ಔಷಧ ಬೇಕಿಲ್ಲ, ಆ ಔಷಧದಿಂದಲೇ ಕೆಲವರ ಮೈಗೆ ಒಗ್ಗದೆ ಅಪಾಯವಾಗುತ್ತದೆ ಎಂದು ವಿವರಿಸಿದೆ. ಅವರು ತಡೆಯದೆ ಕೇಳಿದರು. ಆಮೇಲೆ ಹೇಳಿದರು:

"ಹಾವ ಯಾವ್ದು ಅಂತ ನನಗ ಬ್ಯಾಡ್ರಿ ಸರ. ಅವರ ರಕ್ತ ಏನಂತೈತಿ ನೋಡೂಣ."

ಹೊಸ ಗಾಜಿನ ನಳಿಕೆಯೊಂದರಲ್ಲಿ ಅವನ ರಕ್ತ ತುಸು ತೆಗೆದುಕೊಂಡು ಮೇಜಿನ ಮೇಲೆ ನಿಲ್ಲಿಸಿದರು. ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು, ಅಲುಗಿಸಬಾರದು. ಆರೋಗ್ಯವಂತನ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಮಂಡಲದ ವಿಷ ಸೇರಿದ್ದರೆ ನೀರಿನಂತೆ ಉಳಿಯುತ್ತದೆ. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ, ಓದಿದ್ದೆ. ಓದಿದ್ದನ್ನು ಒಬ್ಬನ ಹೆಸರು ಬರೆದ ಪಟ್ಟಿ ಅಂಟಿಸಿದ ನಳಿಕೆಯಲ್ಲಿ ನೋಡುವುದು ಬೇರೆ. ನಾನು ನಳಿಕೆಯ ಮುಂದೆ ನಿಂತು ಅದು ಗಟ್ಟಿಯಾಗಲಿ ಎಂದು ಕಾಯುತ್ತಿದ್ದೆ. ಅವನಿಗಾಗಿ ಕಾಯುತ್ತಿದ್ದೆನೋ ನನ್ನ ಲೇಖನಕ್ಕಾಗಿಯೋ, ಆಣೆಯಿಟ್ಟು ಹೇಳಲಾರೆ.

ಇಲ್ಲಿಂದ ಮುಂದೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಹೀಗೆ. ಇಪ್ಪತ್ತು ನಿಮಿಷ ಮುಗಿಯುವ ಮೊದಲೇ ನನ್ನಲ್ಲಿ ಸಂಶಯ ಹುಟ್ಟಿತು. ಹೊರಗೆ ಓಡಿ, ಜೀಪಿನಿಂದ ಚೀಲ ತೆಗೆದು, ಬಕೆಟ್ಟಿನಲ್ಲಿ ಬಿಚ್ಚಿದೆ. ಮೊದಲು ಬೆಕ್ಕುಗಣ್ಣಿನದು ಬಿತ್ತು. ಆಮೇಲೆ ಎರಡನೆಯದು ಬಿದ್ದು, ಸುರುಳಿಯನ್ನು ಸುರುಳಿಗೆ ಉಜ್ಜುತ್ತ ಚರ್ ಎನ್ನತೊಡಗಿತು. ತಲೆಯ ಮೇಲೆ ಬಾಣದಂಥ ಗುರುತು. ಒಳಗೆ ಓಡಿ, ನಾನು ತಪ್ಪಿದೆ, ಇದು ಗರಗಸ ಮಂಡಲ ಎಂದು ವೈದ್ಯೆಗೆ ಹೇಳಿದೆ. ಅವರು ಕೂಡಲೇ ಔಷಧದ ಬಾಟಲಿ ಏರಿಸಿದರು. ವಿಜ್ಞಾನಿ ತನ್ನ ತಪ್ಪನ್ನು ಸಕಾಲದಲ್ಲಿ ಒಪ್ಪಿಕೊಂಡರೆ ಒಂದು ಜೀವ ಉಳಿಯುತ್ತದೆ ಎಂದು ಪಾಠ ಮುಗಿಸುತ್ತಿದ್ದೆ.

ಸಂಜೆ ಗೌರವ್ವ ಮೈದುನನ ಬೈಕಿನಲ್ಲಿ ಬನಹಟ್ಟಿಯಿಂದ ಬಂದಳು. ಗಂಡನ ಹಾಸಿಗೆಯ ಬಳಿ ನಿಂತು, ಬಾತ ಕೈಯನ್ನೂ, ಮೇಲೆ ತೂಗುತ್ತಿದ್ದ ಬಾಟಲಿಯನ್ನೂ ನೋಡಿದಳು. ನಾನು ಸ್ಟೂಲಿನಿಂದ ಎದ್ದೆ. ನಾನು ತಯಾರು ಮಾಡಿಕೊಂಡಿದ್ದ ಮಾತುಗಳನ್ನು ಆಕೆ ಕೇಳಲಿಲ್ಲ.

"ನಿಮಗ ಹಾವ ಬೇಕಾಗಿತ್ತು. ಸಿಕ್ತಲ್ರಿ" ಎಂದಳು. ಅಷ್ಟೇ.

ಎರಡು ದಿನ ಅವನ ಮೂತ್ರದಲ್ಲಿ ರಕ್ತ ಹೋಯಿತು. ಮತ್ತೆ ಮತ್ತೆ ನಳಿಕೆ, ಮತ್ತೆ ಇಪ್ಪತ್ತು ನಿಮಿಷ. ಮೂರನೆಯ ದಿನ ವೈದ್ಯೆ ನಳಿಕೆಯನ್ನು ಓರೆ ಮಾಡಿ ನನಗೆ ತೋರಿಸಿದರು. ರಕ್ತ ಜಾರಲಿಲ್ಲ. ನಾನು ಹೊರಗೆ ಬಂದು ಜೀಪಿನಲ್ಲಿ ಕುಳಿತೆ. ನನ್ನ ಲೇಖನಕ್ಕೆ ತಿದ್ದುಪಡಿ ಬರೆದು ಕಳಿಸಿದೆ. ಶಂಕ್ರಪ್ಪ ಒಂದೂವರೆ ತಿಂಗಳಿಗೆ ಕೆಲಸಕ್ಕೆ ಬಂದ. ಮೊದಲ ದಿನವೇ ತೆಳು ಬಟ್ಟೆಯ ಚೀಲಗಳನ್ನೆಲ್ಲ ಹರಿದು ಮೇಜು ಒರೆಸುವ ಬಟ್ಟೆ ಮಾಡಿದ.

ಇದನ್ನು ಬರೆಯುವ ಮುನ್ನ ಬನಹಟ್ಟಿಗೆ ಹೋಗಿದ್ದೆ. ಈಗ ಅವನೂ ನಿವೃತ್ತ. ಹಿಂದಿನ ಕೋಣೆಯಲ್ಲಿ ಮಗ್ಗ ಓಡುತ್ತಿತ್ತು, ಇಬ್ಬರೂ ದನಿ ಏರಿಸಿ ಮಾತಾಡಬೇಕಾಯಿತು. ಕೊಕ್ಕೆಕೋಲು ಯಾರ ಕೈಯಲ್ಲಿತ್ತು ಎಂದು ಕೇಳಿದೆ. ಯಾರದಾದರೇನು, ಹಾವಿಗೆ ಅದು ಗೊತ್ತಿತ್ತೇನು ಎಂದು ನಕ್ಕುಬಿಟ್ಟ. ನಾನು ಬಿಡದೆ, ವಾರ್ಡಿಗೆ ಓಡಿ ಬಂದು ಮಂಡಲ ಎಂದು ಹೇಳಿದ್ದಾದರೂ ನೆನಪಿದೆಯೇ ಎಂದೆ.

"ನೀವು ಬಂದು ಹೇಳಿದ್ದು ನೆನಪೈತ್ರಿ ಸರ. ಖರೆ ಆವಾಗ ಬಾಟ್ಲಿ ಆಗಲೇ ಮ್ಯಾಲ ತೂಗತಿತ್ತಲ್ರಿ. ನಾ ಹನಿ ಎಣಸ್ಕೋಂತ ಮಲಗಿದ್ದೆ."

ಇಲ್ಲ, ನೀನು ಮಂಪರಿನಲ್ಲಿದ್ದೆ ಎಂದೆ. ಗೌರವ್ವ ಚಹಾ ಇಟ್ಟು ಒಳಗೆ ಹೋಗಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಿಂದ ಆಸ್ಪತ್ರೆಯ ಕಾಗದಗಳನ್ನು ತಂದು ನನ್ನ ಮುಂದೆ ಇಟ್ಟಳು. ವೈದ್ಯೆಯ ಅಕ್ಷರದಲ್ಲಿ ಇತ್ತು: ರಕ್ತ ಹೆಪ್ಪುಗಟ್ಟಿಲ್ಲ, ಔಷಧ ಆರಂಭ, ಹನ್ನೆರಡು ಗಂಟೆ ಹತ್ತು ನಿಮಿಷ. ಹಾವಿನ ಹೆಸರಿನ ಜಾಗದಲ್ಲಿ 'ತಿಳಿದಿಲ್ಲ' ಎಂದು ಬರೆದಿತ್ತು. ನಾನು ಅಷ್ಟು ಹೇಳಿದ ಮೇಲೂ ತಿಳಿದಿಲ್ಲ.

ಜಮಖಂಡಿಗೆ ಮರಳಿ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದೆ. ಬಕೆಟ್ಟಿನಲ್ಲಿ ಎರಡು ಹಾವುಗಳ ಫೋಟೋ ಇದೆ. ಚೀಲ ಬಿಚ್ಚಿದ ಕ್ಷಣದಲ್ಲೇ ತೆಗೆದದ್ದು, ಬಕೆಟ್ಟಿನ ಅಂಚಿಗೆ ಚೀಲ ಇನ್ನೂ ಜೋತಿದೆ. ಅದರ ಮೇಲಿನ ಸಮಯ ಹನ್ನೆರಡು ಮೂವತ್ತಾರು. ಕ್ಯಾಮೆರಾದ ಗಡಿಯಾರ ತಪ್ಪಿರಬಹುದಲ್ಲ ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ಅದೇ ಮಧ್ಯಾಹ್ನದ ಇನ್ನೊಂದು ಫೋಟೋ ಕಣ್ಣಿಗೆ ಬಿತ್ತು: ಮಲಗಿದ ಶಂಕ್ರಪ್ಪ, ಅವನ ತಲೆಯ ಮೇಲೆ ವಾರ್ಡಿನ ಗೋಡೆ ಗಡಿಯಾರ. ದೊಡ್ಡದು ಮಾಡಿ ನೋಡಿದೆ. ಗೋಡೆಯ ಗಡಿಯಾರಕ್ಕೂ ಕ್ಯಾಮೆರಾಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ನಾನು ಚೀಲ ಬಿಚ್ಚಿದ್ದು ಅವನ ಮೈಗೆ ಔಷಧ ಇಳಿಯಲು ಶುರುವಾಗಿ ಇಪ್ಪತ್ತಾರು ನಿಮಿಷ ಆದ ಮೇಲೆ.